ಬುಡಯ್ಯನ ಹೆಸರಿನ ಬುಡ

ಕ್ಯಾತನಹಳ್ಳಿಯ ಬುಡಯ್ಯನಿಗೆ ತನ್ನ ಹೆಸರಿನ ಅರ್ಥ ಗೊತ್ತಿಲ್ಲವೆಂಬುದು ಐವತ್ತು ದಾಟುವ ತನಕ ಯಾರಿಗೂ ಒಂದು ಕೊರತೆ ಅನ್ನಿಸಿರಲಿಲ್ಲ. ನಾಲೆ ನೀರಿನ ಕಬ್ಬಿನ ಗದ್ದೆ, ಊರಾಚೆ ಒಂದು ಆಲೆಮನೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಮನೆಯಲ್ಲಿ ಹೆಂಡತಿ ಪುಟ್ಟಗೌರಮ್ಮ. ಇಷ್ಟೂ ಅರ್ಥವಿಲ್ಲದ ಹೆಸರಿನಲ್ಲೇ ಚೆನ್ನಾಗಿ ನಡೆದುಕೊಂಡು ಹೋಗಿದ್ದವು. ಬೆಲ್ಲಕ್ಕೆ ಬಂದ ಸಾಹುಕಾರ ಅಚ್ಚು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದನೇ ಹೊರತು ಆಲೆಮನೆಯವನ ಹೆಸರಿನ ವ್ಯುತ್ಪತ್ತಿ ಕೇಳುತ್ತಿರಲಿಲ್ಲ.

ಆದರೆ ಹೆಸರು ಅಪರೂಪದ್ದು ಅನ್ನುವುದು ನಿಜ. ಆ ಸೀಮೆಯಲ್ಲಿ ಬೋರಯ್ಯ, ಕಾಳಯ್ಯಂದಿರು ಹೊಲದ ಸೊಪ್ಪಿನ ಹಾಗೆ ಬೇಕೆಂದಲ್ಲಿ ಸಿಗುತ್ತಿದ್ದರು. ಬುಡಯ್ಯ ಮಾತ್ರ ಒಬ್ಬನೇ. ಅಲ್ಲಿನ ಜನ ‘ಬಿಡು’ ಅನ್ನುವುದಕ್ಕೆ ‘ಬುಡು’ ಅನ್ನುವವರಾದ್ದರಿಂದ ಈ ಹೆಸರು ಹೊತ್ತವನ ಪಾಡು ಸ್ವಲ್ಪ ಕಷ್ಟದ್ದೇ ಆಗಿತ್ತು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಹಿಡಿದು “ಬುಡಯ್ಯ” ಅಂದರೆ ಹಿಂದಿನ ಸಾಲಿನಿಂದ “ಬುಟ್ಟೆ ಕಣಯ್ಯ!” ಅನ್ನುವ ಉತ್ತರ ಬರುತ್ತಿತ್ತು. ಒಮ್ಮೆ ಪಾಂಡವಪುರದಲ್ಲಿ ಬಸ್ಸು ನಿಂತಾಗ ಅವನು ಕಡಲೆಕಾಯಿ ತರಲು ಇಳಿದಿದ್ದ. ಹೊರಡುವ ಹೊತ್ತಾಯಿತೆಂದು ಒಳಗಿದ್ದ ಪುಟ್ಟಗೌರಮ್ಮನ ಅಣ್ಣ ಕಿಟಕಿಯಿಂದ “ಬುಡಯ್ಯಾ! ಬುಡಯ್ಯಾ!” ಎಂದು ಕೂಗಿದ. ಡ್ರೈವರು ತನಗೇ ಹೇಳಿದ್ದು ಅಂದುಕೊಂಡು ಬಸ್ಸು ಬಿಟ್ಟೇಬಿಟ್ಟ. ಬುಡಯ್ಯ ಕಡಲೆಕಾಯಿ ತಿನ್ನುತ್ತ ಊರಿಗೆ ನಡೆದು ಬಂದ.

ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದುಂಟು. “ಅಪ್ಪಯ್ಯಾ, ನಂಗ್ಯಾಕೆ ಇಂಥ ಎಸ್ರು ಮಡಗ್ದೆ?” ಅಪ್ಪ ಮುಖ ಬೇರೆ ಕಡೆ ತಿರುಗಿಸಿ “ಬುಡ್ಲಾ, ಅದ್ಯಾಕೀಗ” ಅಂದಿದ್ದ. ಅದು ಉತ್ತರವೋ, ಉತ್ತರ ಕೊಡದಿರುವ ಉಪಾಯವೋ ಹುಡುಗನಿಗೆ ತಿಳಿಯಲಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಹೋದ ಮೇಲೆ ಕೇಳಲು ಯಾರೂ ಉಳಿಯಲೂ ಇಲ್ಲ.

ತೊಂಬತ್ತೈದನೇ ಇಸವಿಯ ಸುಮಾರಿಗೆ ಮಗ ಕುಮಾರನ ಮದುವೆ ಗೊತ್ತಾಯಿತು. ಹೆಣ್ಣು ಬೆಳಗೊಳದ ನಂಜಪ್ಪನವರ ಮಗಳು ಅರ್ಪಿತ. ನಂಜಪ್ಪನವರು ಸರ್ಕಾರಿ ಕಚೇರಿಯಲ್ಲಿ ಹೆಡ್‌ ಕ್ಲರ್ಕಾಗಿದ್ದು ನಿವೃತ್ತರಾದವರು. ಕಚೇರಿ ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಹಿತ್ತಲಿಗೆ ಹೋಗುವಾಗಲೂ ಜೇಬಿನಲ್ಲಿ ಪೆನ್ನಿರಬೇಕು. ಲಗ್ನಪತ್ರಿಕೆಯ ಕರಡು ಬರೆಯಲು ಬೀಗರನ್ನು ಮನೆಗೆ ಕರೆಸಿ, ‘ಚಿ.ರಾ. ಕುಮಾರ್, ಕ್ಯಾತನಹಳ್ಳಿ ಶ್ರೀ...’ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು.

“ಬೀಗರೇ, ನಿಮ್ಮ ಹೆಸರು ಬುಡಯ್ಯ ಅಂತಲೇ ಬರೀಬೇಕಾ?”

“ಮತ್ತೇನ್ ಬರೀತೀರಿ? ಅದೇಯ ನನ್ನೆಸ್ರು.”

“ಅಲ್ಲ, ತಪ್ಪು ತಿಳೀಬೇಡಿ. ಮೈಸೂರಿಂದ ನಮ್ಮ ಆಫೀಸರುಗಳೆಲ್ಲ ಬರ್ತಾರೆ. ಹೆಸರು ಅಂದ್ಮೇಲೆ ಅದಕ್ಕೊಂದು ಅರ್ಥ ಇರಬೇಕಲ್ವಾ? ನೋಡಿ, ನಾನು ಪುಸ್ತಕ ನೋಡಿ ಮಗಳಿಗೆ ಹೆಸರಿಟ್ಟವನು. ಅರ್ಪಿತ ಅಂದ್ರೆ ಅರ್ಪಿಸಲ್ಪಟ್ಟವಳು.”

“ಯಾರ್ಗೆ?” ಅಂದ ಬುಡಯ್ಯ.

ನಂಜಪ್ಪನವರು ಪೆನ್ನಿನ ಕ್ಯಾಪು ಮುಚ್ಚಿದರು. “ಅದೆಲ್ಲ ಪುಸ್ತಕದಲ್ಲಿ ಕೊಟ್ಟಿರಲ್ಲ” ಅಂದರು. ಬಾಗಿಲ ಮರೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅರ್ಪಿತ ತುಟಿ ಕಚ್ಚಿ ನಗು ತಡೆದುಕೊಂಡಳು.

ಅವತ್ತು ಕರಡು ಮುಗಿಯಲಿಲ್ಲ. ಹೆಸರಿಗೆ ಅರ್ಥ ಹುಡುಕಿಸೋಣ ಎಂದು ತೀರ್ಮಾನವಾಯಿತು. ನಂಜಪ್ಪನವರಿಗೆ ಕೆ.ಆರ್. ಪೇಟೆಯಲ್ಲಿ ಚಲುವಯ್ಯ ಎಂಬ ವಿದ್ವಾಂಸರ ಪರಿಚಯವಿತ್ತು. ಅವರು ನಿವೃತ್ತ ಕನ್ನಡ ಮೇಷ್ಟ್ರು. ಒಂದು ವಾರಪತ್ರಿಕೆಯಲ್ಲಿ ‘ಶಬ್ದಶೋಧ’ ಎಂಬ ಅಂಕಣ ಬರೆಯುತ್ತಿದ್ದರು. ಮಂಡ್ಯ ಸೀಮೆಯ ಉಪ್ಸಾರಿಗೂ ಚಾಲುಕ್ಯರಿಗೂ ಸಂಬಂಧ ಕಲ್ಪಿಸಿ ಮೂರು ಕಂತು ಬರೆದದ್ದು ಅವರೇ. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಯಾರೂ ಓದಿರಲಿಲ್ಲ.

ಬುಡಯ್ಯನನ್ನು ಎದುರಿಗೆ ಕೂರಿಸಿಕೊಂಡು ಚಲುವಯ್ಯನವರು ಅವನನ್ನು ನೋಡದೆ ಸೂರನ್ನು ನೋಡುತ್ತ ಕೇಳಿದರು. “ನಿಮ್ಮ ಹೊಲದಲ್ಲಿ ಯಾವುದಾದರೂ ಕಲ್ಲು ಸಿಕ್ಕಿದೆಯಾ?”

“ಬರೀ ಕಲ್ಲೇ ಸಿಗೋದು ಮೇಷ್ಟ್ರೇ. ಅದ್ಕೇ ಗದ್ದೆ ಕಡೀಕೆ ಓಗಿದ್ದು.”

“ಕೂತ ಭಂಗಿಯ ಕಲ್ಲು?”

“ಒಂದಿತ್ತು. ಬಟ್ಟೆ ಒಗೆಯಾಕೆ ಮಡೀಕಂಡವ್ರೆ.”

ಚಲುವಯ್ಯನವರು ತೊಡೆ ತಟ್ಟಿದರು. “ಆಯ್ತು! ಬುದ್ಧ, ಬುದ್ದ, ಬುಡ್ಡ, ಬುಡ. ದಕಾರ ಡಕಾರವಾಗಿದೆ. ನೀವು ಬುಡಯ್ಯ ಅಲ್ಲ ಸ್ವಾಮಿ, ಬುದ್ಧಯ್ಯ! ನಿಮ್ಮ ವಂಶ ಎರಡು ಸಾವಿರ ವರ್ಷ ಹಿಂದಿನದು.”

ನೂರು ವರ್ಷ ಹಿಂದಿನ ತಾತನ ಹೆಸರೇ ಸರಿಯಾಗಿ ಗೊತ್ತಿಲ್ಲದ ಬುಡಯ್ಯನಿಗೆ ಒಮ್ಮೆಲೇ ಎರಡು ಸಾವಿರ ವರ್ಷ ಸಿಕ್ಕಿದ್ದು ಗಾಬರಿಯಾಯಿತು. ಆದರೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡುವಾಗ ಅವನ ಬೆನ್ನು ತಾನಾಗಿ ಸ್ವಲ್ಪ ನೆಟ್ಟಗಾಗಿತ್ತು. ನಂಜಪ್ಪನವರಂತೂ ಅವತ್ತೇ ಸಂಜೆ ಪ್ರೆಸ್ಸಿಗೆ ಹೋಗಿ ‘ಶ್ರೀ ಬುದ್ಧಯ್ಯನವರು’ ಎಂದು ಹಳದಿ ಕಾರ್ಡಿನ ಮೇಲೆ ಅಚ್ಚು ಹಾಕಿಸಲು ಕೊಟ್ಟರು.

ಚಲುವಯ್ಯನವರು ಇದನ್ನೇ ಬರೆದ ಅಂಕಣ ಪ್ರಕಟವಾಯಿತು. ಬೆಳಿಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಬುಡಯ್ಯನನ್ನು ಕಂಡು ಕೈಮುಗಿದರು. “ಬುದ್ಧಯ್ನೋರೇ, ತಾವು ಮುಂದ್ಕೆ ಬನ್ನಿ. ಆಸೇನೇ ದುಃಖಕ್ಕೆ ಮೂಲ, ನಾವು ಇಂದ್ಗಡೆ ನಿಂತ್ಕತೀವಿ.” ಬುಡಯ್ಯ ನಕ್ಕ. ಪುಟ್ಟಗೌರಮ್ಮ ನಗಲಿಲ್ಲ. “ಬುದ್ಧ ಎಂಡ್ರು ಮಕ್ಳ ಬುಟ್ಟೋದೋನಂತೆ. ನೀನೂ ಓಗಾಂಗಿದ್ರೆ ಕಬ್ಬು ಕಡ್ಸಿ ಓಗು” ಅಂದಳು.

ಈ ಅಂಕಣವನ್ನು ಕೆಂಪಣ್ಣನೂ ಓದಿದ, ಅಥವಾ ಯಾರೋ ಓದಿ ಹೇಳಿದರು. ಕೆಂಪಣ್ಣ ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆಯಲ್ಲಿದ್ದ ಯುವ ಮುಖಂಡ. ಯುವ ಮುಖಂಡನಾಗಿ ಅವನಿಗೆ ಇಪ್ಪತ್ತು ವರ್ಷ ತುಂಬಿತ್ತು. ಒಬ್ಬ ಹಳ್ಳಿಯವನ ಹೆಸರು ಪತ್ರಿಕೆಯಲ್ಲಿ ಬಂದಿದೆ, ಆದರೆ ಅದರಿಂದ ಒಂದು ಓಟೂ ಹುಟ್ಟುತ್ತಿಲ್ಲ ಅನ್ನುವುದು ಅವನಿಗೆ ಸಹಿಸಲಾಗಲಿಲ್ಲ. ನೇರ ಆಲೆಮನೆಗೆ ಬಂದು, ಬಿಸಿ ಬೆಲ್ಲ ನೆಕ್ಕುತ್ತ ಹೇಳಿದ.

“ಬುಡಣ್ಣ, ಆ ಬುದ್ಧ ಗಿದ್ಧ ಎಲ್ಲ ಪ್ಯಾಟೆಯೋರ ಮಾತು. ಬುಡ ಅಂದ್ರೇನು? ಮರದ ಬುಡ! ಬುಡಯ್ಯ ಅಂದ್ರೆ ನಮ್ಮ ಕುಲದ ಮೂಲಪುರುಷ ಕಣಣ್ಣ. ನಾವೆಲ್ಲ ಕೊಂಬೆ. ಬುಡ ಗಟ್ಟಿ ಇದ್ರೆ ತಾನೆ ಮರ?”

“ಮೂಲಪುರುಸ ಅಂದ್ರೆ ನಾನಾ?”

“ನೀನಲ್ಲ, ನಿನ್ನೆಸ್ರು. ಆದ್ರೆ ಸನ್ಮಾನ ನಿಂಗೇ ಮಾಡ್ಬೇಕು. ಎಸ್ರಿಗೆ ಪ್ಯಾಟ ಕಟ್ಟಕಾದಾತಾ?”

ಹೀಗೆ ‘ಬುಡಯ್ಯ ಬಳಗ’ ಹುಟ್ಟಿತು. ಪಾಂಡವಪುರದ ಕಲ್ಯಾಣಮಂಟಪವೊಂದರಲ್ಲಿ ಸನ್ಮಾನ ಸಮಾರಂಭ ಗೊತ್ತಾಯಿತು. ಅಷ್ಟರಲ್ಲಿ ಚಲುವಯ್ಯನವರು ಆಕ್ಷೇಪ ಎತ್ತಿದರು. ಶೋಧಿಸಿದ್ದು ತಾವು. ಬುದ್ಧನನ್ನು ಕೈಬಿಟ್ಟರೆ ತಾವು ವೇದಿಕೆಗೆ ಬರುವುದಿಲ್ಲ. ಅತ್ತ ಕೆಂಪಣ್ಣ ಬುಡ ಬಿಟ್ಟುಕೊಡಲು ತಯಾರಿಲ್ಲ, ಬ್ಯಾನರಿನ ಮೇಲೆ ಆಲದಮರದ ಚಿತ್ರ ಆಗಲೇ ಬರೆಸಿಯಾಗಿತ್ತು. ಇಬ್ಬರೂ ಒಂದು ಮಧ್ಯಾಹ್ನ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಕೂತು ಮಾತಾಡಿದರು. ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಚಲುವಯ್ಯನವರಿಗೆ ಹೊಳೆಯಿತು. ಬುದ್ಧ ಕೂತದ್ದು ಎಲ್ಲಿ? ಮರದ ಬುಡದಲ್ಲಿ! ಹಾಗಾಗಿ ಬುದ್ಧನೂ ಬುಡವೂ ಒಂದೇ. ಆಲದಮರವನ್ನು ಅರಳಿಮರ ಮಾಡಿದರೆ ಸಾಕು. ಪೇಂಟರು ಎಲೆಗಳ ತುದಿಯನ್ನು ಒಂದಷ್ಟು ಚೂಪು ಮಾಡಿದ. ವಿದ್ವತ್ತು ಮತ್ತು ರಾಜಕೀಯ ಎರಡೂ ಉಳಿದವು.

ಬುಡಯ್ಯ ಇದಕ್ಕೆಲ್ಲ ಯಾಕೆ ಒಪ್ಪಿದ ಎಂದು ಕೇಳಬಹುದು. ಜೀವಮಾನವಿಡೀ ಹೆಸರಿನಿಂದ ನಗೆಪಾಟಲಾದವನು ಅವನು. ಯಾರೋ ನಗದೆ ಆ ಹೆಸರು ಹೇಳುತ್ತಿದ್ದಾರೆ ಅನ್ನುವುದೇ ಅವನಿಗೆ ಹಿತವಾಗಿತ್ತು. ಸುಳ್ಳೋ ನಿಜವೋ ಎಂದು ಹೆಚ್ಚು ಕೆದಕಲು ಅವನಿಗೂ ಮನಸ್ಸಿರಲಿಲ್ಲ.

ಸಮಾರಂಭಕ್ಕೆ ಇನ್ನೂ ಕೆಲವು ದಿನ ಇರುವಾಗ ಗಂಡ ಹೆಂಡತಿ ಮದುವೆಗೆ ಕರೆಯಲು ಹೊರಟರು. ಮೊದಲು ಕರೆಯಬೇಕಾದ್ದು ಸೋದರತ್ತೆಯನ್ನು. ಬುಡಯ್ಯನ ಅಪ್ಪನ ತಂಗಿ ಬೆಟ್ಟಮ್ಮನನ್ನು ನಾಗಮಂಗಲ ತಾಲ್ಲೂಕಿನಲ್ಲಿ ಬೆಳ್ಳೂರಿನ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಎಂಬತ್ತರ ಆಸುಪಾಸಿನ ಮುದುಕಿ. ಬುಡಯ್ಯ ಚಿಕ್ಕವನಿದ್ದಾಗ ಈ ಅತ್ತೆಯನ್ನು ಕಂಡೇ ಇರಲಿಲ್ಲ. ಎರಡೂ ಮನೆಗೆ ಬಳಕೆ ನಿಂತಿತ್ತು. ಅತ್ತೆಯ ಗಂಡ ಸತ್ತ ಮೇಲೆ ಒಂದೆರಡು ಸಾವು ಬದುಕಿಗೆ ಬಂದು ಹೋಗಿದ್ದಳು, ಅಷ್ಟೇ.

ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಬೆಟ್ಟಮ್ಮ ಇಬ್ಬರನ್ನೂ ಕಂಡು ಎದ್ದು ಬಂದಳು. ಪುಟ್ಟಗೌರಮ್ಮ ಅರಿಶಿನ ಕುಂಕುಮ, ವೀಳ್ಯದೆಲೆಯೊಂದಿಗೆ ಕಾರ್ಡು ಕೊಟ್ಟಳು. ಮುದುಕಿ ಅದನ್ನು ಸೊಸೆ ಪ್ರಮೀಳಾಳ ಕೈಗೆ ಕೊಟ್ಟು ಓದು ಅಂದಳು. ಪ್ರಮೀಳಾ ಗಟ್ಟಿಯಾಗಿ ಓದಿದಳು. “ಕ್ಯಾತನಹಳ್ಳಿ ಶ್ರೀ ಬುದ್ಧಯ್ಯನವರ ಪುತ್ರ...”

“ಯಾರ ಮದ್ವೆ ಇದು?” ಅಂದಳು ಬೆಟ್ಟಮ್ಮ.

“ನಮ್ಮ ಕುಮಾರುಂದೇ ಕಣತ್ತೆ” ಅಂದ ಬುಡಯ್ಯ.

“ಮತ್ತೆ ಬುದ್ಧಯ್ಯ ಅಂದ್ರೆ ಯಾವೋನು?”

ಬುಡಯ್ಯ ಎಲ್ಲ ಹೇಳಿದ. ಎರಡು ಸಾವಿರ ವರ್ಷ, ಕೂತ ಕಲ್ಲು, ಮರದ ಬುಡ, ಸನ್ಮಾನ. ಹೇಳುತ್ತ ಹೇಳುತ್ತ ಅವನ ದನಿ ತಾನೇ ಸಣ್ಣದಾಯಿತು. ಅತ್ತೆ ಅವರೆಕಾಯಿ ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

“ನಿಮ್ಮಪ್ಪ ನಿಂಗೆ ಯೋಳೇ ಇಲ್ವಾ?”

“ಏನ?”

“ಆ ಎಸ್ರು ನಾನು ಮಡಗಿದ್ದು ಕಣ್ಲಾ ಮಗ.”

ಬುಡಯ್ಯನ ನಾಮಕರಣದ ದಿನ ಸೋದರತ್ತೆಯಾಗಿ ಬೆಟ್ಟಮ್ಮ ಗಂಡನ ಜೊತೆ ತವರಿಗೆ ಬಂದಿದ್ದಳು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಕೂಗಬೇಕು, ಅಣ್ಣ ಅವಳಿಗೆ ಸೀರೆ ಉಡಿಸಬೇಕು. ಯುದ್ಧದ ಸಮಯದ ಕಂಟ್ರೋಲು ಕಾಲ, ಬಟ್ಟೆ ಸಿಗದ ವರ್ಷ. ಅಣ್ಣ ತಂದಿದ್ದು ಒಂದು ಒರಟು ಸೀರೆ, ಅಂಚೂ ಇಲ್ಲ. ಬೆಟ್ಟಮ್ಮನಿಗೆ ಅದರ ಬಗ್ಗೆ ಏನೂ ಅನ್ನಿಸಿರಲಿಲ್ಲ. ಗಂಡನಿಗೆ ಅನ್ನಿಸಿತು. ತುಂಬಿದ ಸಭೆಯಲ್ಲಿ “ಇಂಥ ಬಟ್ಟೆ ಉಡಾಕೆ ನಾವೇನ್ ಗತಿಗೆಟ್ಟೋರಾ? ಎದ್ದೇಳು, ಓಗುಮ” ಎಂದು ಕೂಗಾಡಿದ. ಅವಳು ಆಗಲೇ ತೊಟ್ಟಿಲಿಗೆ ಬಗ್ಗಿದ್ದಳು. ತಾತನ ಹೆಸರು ಕೂಗಬೇಕೆಂದು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಗಂಡ ಬಂದು ರಟ್ಟೆ ಹಿಡಿದು ಎಳೆದ.

“ನಾನು ತೊಟ್ಲ ಬುಡ್ನಿಲ್ಲ ಕಣಪ್ಪ” ಅಂದಳು ಬೆಟ್ಟಮ್ಮ. “ಅವ್ರು ಎಳೀತಾನೇ ಅವ್ರೆ. ನಿನ್ನ ಕಿವೀಗೇ ಬಾಯಿ ಮಡಗಿದ್ದೆ. ಎಲ್ಲಿತ್ತೋ ಕಾಣೆ, ‘ಬುಡಯ್ಯ!’ ಅಂದ್ಬುಟ್ಟೆ. ಅಷ್ಟು ಜನದ ಮುಂದೆ. ಕಟ್ಕಂಡ ಗಂಡುನ್ನ.”

“ಆಮೇಲೆ?” ಕೇಳಿದ್ದು ಪ್ರಮೀಳಾ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳೂ ಇದನ್ನು ಕೇಳಿರಲಿಲ್ಲ.

“ಆಮೇಲೇನು? ಅವ್ರೂ ಬೆಚ್ಚಿ ಕೈ ಬುಟ್ಬುಟ್ರು. ಮನೇಲಿ ಒಬ್ರೂ ಉಸ್ರಿಲ್ಲ. ನಮ್ಮವ್ವ ಎದ್ದು, ‘ಮೊದ್ಲು ಕಿವೀಗೆ ಬಿದ್ದುದ್ದೇ ಎಸ್ರು, ದ್ಯಾವ್ರು ಕೊಟ್ಟಿದ್ದು, ಇನ್ನು ಬದ್ಲಾಯ್ಸಂಗಿಲ್ಲ’ ಅಂದ್ಲು. ಆಮೇಲೆ ನಾನೇ ಎದ್ದು ಅವ್ರಿಂದೆ ಓದೆ. ಓಗ್ದೆ ಎಲ್ಲೋಗ್ಲಿ? ಅವ್ರಿರೋಗಂಟ ತವ್ರಿನ ವಸ್ಲು ತುಳೀನಿಲ್ಲ. ನಿಮ್ಮಪ್ಪುಂಗೆ ಆ ಸೀರೆ ನಾಚ್ಕೆ, ಅದ್ಕೇ ಬಾಯಿ ಬುಟ್ಟಿಲ್ಲ.” ಮುದುಕಿ ಅವರೆಕಾಯಿ ಮತ್ತೆ ಕೈಗೆತ್ತಿಕೊಂಡು ಹೇಳಿದಳು. “ಅವತ್ತು ಒಂದಿನ ಅಂದಿದ್ದೇಯ. ಆಮೇಲೆ ಆ ಮಾತು ನನ್ನ ಬಾಯಲ್ಲಿ ಬರ್ನಿಲ್ಲ. ಆದ್ರೆ ಆ ಊರಲ್ಲಿ ನಿನ್ನ ದಿನಾ ಯಾರಾದ್ರೂ ಅಂಗೇ ಕೂಗ್ತಾರಲ್ಲ ಅಂತ ನೆನುಸ್ಕತಿದ್ದೆ. ನಗು ಬರಾದು.”

ವಾಪಸು ಬರುವಾಗ ಬುಡಯ್ಯ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಕೊಡಿಸಿದ ಟೀ ಅರ್ಧ ಬಿಟ್ಟ. ಮನೆ ಸೇರಿದ ಮೇಲೆ ಪುಟ್ಟಗೌರಮ್ಮ ಅಂದಳು. “ಬುದ್ಧುಂದಕ್ಕಿಂತ ಇದೇ ಸಂದಾಗೈತೆ.”

ಸನ್ಮಾನದ ದಿನ ಬಂತು. ಬುಡಯ್ಯನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಪಕ್ಕದಲ್ಲಿ ಚಲುವಯ್ಯನವರು, ಈ ಕಡೆ ಕೆಂಪಣ್ಣ, ಮುಂದಿನ ಸಾಲಿನಲ್ಲಿ ಮಗಳೊಂದಿಗೆ ನಂಜಪ್ಪನವರು. ಹಿಂದೆ ಚೂಪೆಲೆಯ ಮರ. ಚಲುವಯ್ಯನವರು ಬುದ್ಧನಿಂದ ಹೊರಟು ಬುಡ ಮುಟ್ಟುವ ಹೊತ್ತಿಗೆ ಅರ್ಧ ಸಭೆ ಅಡಿಗೆಮನೆಯ ಕಡೆಯ ವಾಸನೆ ಹಿಡಿದಿತ್ತು. ಕೊನೆಗೆ ಬುಡಯ್ಯನಿಗೆ ಎರಡು ಮಾತು ಆಡಲು ಮೈಕು ಕೊಟ್ಟರು.

ಬುಡಯ್ಯ ಮೈಕು ಹಿಡಿದು, “ನನ್ನೆಸ್ರು ಬುದ್ಧಂದೂ ಅಲ್ಲ, ಮರದ್ದೂ ಅಲ್ಲ” ಎಂದು ಶುರು ಮಾಡಿ ಅತ್ತೆ ಹೇಳಿದ್ದನ್ನೆಲ್ಲ ಇದ್ದ ಹಾಗೆ ಹೇಳಿಬಿಟ್ಟ. ಒರಟು ಸೀರೆ, ತೊಟ್ಟಿಲು, ರಟ್ಟೆ, ಎಲ್ಲ. “ನಮ್ಮತ್ತೆ ‘ಬುಡಯ್ಯ’ ಅಂದ್ಲು. ಅದೇ ನನ್ನೆಸ್ರು. ಅಷ್ಟೇಯ” ಎಂದು ಕೂತ.

ಗಂಡಸರು ಮೊದಲು ನಕ್ಕರು. ಬಲಗಡೆ ಕೂತಿದ್ದ ಹೆಂಗಸರು ನಗದೇ ಇದ್ದದ್ದು ಕಂಡು ಅವರ ನಗು ಅರ್ಧಕ್ಕೆ ನಿಂತಿತು. ಆಮೇಲೆ ಹೆಂಗಸರ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಒಂದಾಯಿತು, ಹತ್ತಾಯಿತು. ಕೆಂಪಣ್ಣನಿಗೆ ಚಪ್ಪಾಳೆ ಅಂದರೆ ಸಾಕು, ಯಾತಕ್ಕೆ ಅನ್ನುವುದು ಮುಖ್ಯವಲ್ಲ. ಮೈಕು ಕಿತ್ತುಕೊಂಡ.

“ನೋಡಿ ಬಂಧುಗಳೇ! ಬುಡು ಅಂದ್ರೇನು? ತ್ಯಾಗ! ಬುಡಯ್ಯ ಅಂದ್ರೆ ತ್ಯಾಗಮೂರ್ತಿ! ನಾನೂವೆ ನಿಮಗೋಸ್ಕರ ಮನೆ, ಮಠ, ಎಲ್ಲಾ ಬುಟ್ಟು ಬಂದಿವ್ನಿ!”

ಹಿಂದಿನ ಸಾಲಿನಿಂದ ಯಾರೋ ಕೂಗಿದರು. “ಅಂಗಾರೆ ಸೀಟೂ ಬುಟ್ಬುಡಣ್ಣೋ!”

ಸಭೆ ಅಲ್ಲಿಗೆ ಮುಗಿಯಿತು. ಊಟ ಮಾತ್ರ ಸಾಂಗವಾಗಿ ನಡೆಯಿತು.

ನಂಜಪ್ಪನವರು ಪಾಯಸಕ್ಕೂ ಕಾಯದೆ ಎದ್ದರು. ಮನೆಗೆ ಹೋದವರೇ, “ಗಂಡನನ್ನ ಗದರಿದ ಮಾತು ಒಂದು ಹೆಸರಾ? ಇದನ್ನ ನಮ್ಮ ಆಫೀಸರುಗಳಿಗೆ ಏನಂತ ಹೇಳಲಿ? ಈ ಸಂಬಂಧ ಬೇಕಾ ಅಂತ ಯೋಚಿಸಬೇಕು” ಎಂದು ವರಾಂಡದಲ್ಲಿ ಓಡಾಡತೊಡಗಿದರು.

ಅರ್ಪಿತ ಬಾಗಿಲ ಮರೆಯಿಂದ ಈಚೆ ಬಂದಳು. “ಅಪ್ಪಾ, ಅವರ ಹೆಸರನ್ನ ಯಾರು ಯಾರಿಗೆ ಅಂದ್ರು ಅಂತ ಇವತ್ತು ಇಡೀ ಪಾಂಡವಪುರಕ್ಕೇ ಗೊತ್ತಾಯ್ತು. ನಾನು ಯಾರಿಗೆ ಅರ್ಪಿತ ಅನ್ನೋದು ನಿಮ್ಮ ಪುಸ್ತಕಕ್ಕೂ ಗೊತ್ತಿಲ್ಲ. ನಾನು ಆ ಮನೆಗೇ ಹೋಗ್ತೀನಿ.”

ಹೆಡ್‌ ಕ್ಲರ್ಕ್ ಆಗಿದ್ದ ಕಾಲದಲ್ಲಿ ನಂಜಪ್ಪನವರು ಎಂಥೆಂಥ ಆಕ್ಷೇಪಣೆಗಳಿಗೋ ಸಮಜಾಯಿಷಿ ಬರೆದಿದ್ದರು. ಇದಕ್ಕೂ ಪೆನ್ನು ತೆಗೆದು, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಮದುವೆ ನಡೆಯಿತು. ಹಳದಿ ಕಾರ್ಡುಗಳನ್ನು ನಂಜಪ್ಪನವರು ತಮ್ಮ ಕಡೆಯವರಿಗೆ ಹಂಚಿ ಮುಗಿಸಿದ್ದರು. ಬುಡಯ್ಯ ತನ್ನ ಕಡೆಯವರನ್ನೆಲ್ಲ ಬಾಯಲ್ಲೇ ಕರೆದ. ಶ್ರೀರಂಗಪಟ್ಟಣದ ಛತ್ರದ ಮುಂದಿನ ಬೋರ್ಡಿನಲ್ಲಿ ‘ಬುಡಯ್ಯನವರ ಪುತ್ರ’ ಎಂದೇ ದಪ್ಪಕ್ಷರದಲ್ಲಿ ಬರೆಸಿದ. ಇದರಿಂದ ಒಂದು ಅನಾಹುತವೂ ಆಯಿತು. ಕೆ.ಆರ್. ಪೇಟೆಯಿಂದ ವ್ಯಾನು ಮಾಡಿಕೊಂಡು ಬಂದ ನಂಜಪ್ಪನವರ ನೆಂಟರು ಬೋರ್ಡು ಓದಿ ‘ಇದು ಬುದ್ಧಯ್ಯನವರದಲ್ಲ’ ಎಂದು ಪಕ್ಕದ ಛತ್ರಕ್ಕೆ ಹೋಗಿ, ಅಲ್ಲೇ ಉಂಡು, ಮುಯ್ಯಿಯನ್ನೂ ಅಲ್ಲೇ ಓದಿಸಿ, ಗಂಡು ಹೆಣ್ಣಿಗೆ ಅಕ್ಷತೆ ಹಾಕುವಾಗ ಹೆಣ್ಣಿನ ಮುಖ ನೋಡಿ ಹೌಹಾರಿದರು. ನಂಜಪ್ಪನವರು ಇದಕ್ಕೂ ಬೀಗರ ಹೆಸರೇ ಕಾರಣ ಎಂದರು. ಕಾರ್ಡು ಅಚ್ಚು ಹಾಕಿಸಿದ್ದು ಯಾರೆಂದು ಯಾರೂ ನೆನಪಿಸಲಿಲ್ಲ.

ಕೆಂಪಣ್ಣನಿಗೆ ಟಿಕೆಟ್ಟು ಸಿಗಲಿಲ್ಲ. ಪಕ್ಷೇತರನಾಗಿ ನಿಂತು ಸೋತ. ಅವನನ್ನು ಕಂಡರೆ ಜನ ಈಗಲೂ ‘ತ್ಯಾಗಮೂರ್ತಿ’ ಅನ್ನುತ್ತಾರೆ, ಅವನು ಕೈಮುಗಿಯುತ್ತಾನೆ. ಚಲುವಯ್ಯನವರು ಬುದ್ಧನನ್ನು ಹಿಂತೆಗೆದುಕೊಳ್ಳಲಿಲ್ಲ. ಅತ್ತೆಯ ಬಾಯಲ್ಲಿ ಆ ಕ್ಷಣ ಆ ಶಬ್ದವೇ ಏಕೆ ಬಂತು, ಅದು ರಕ್ತದಲ್ಲಿ ಹರಿದುಬಂದ ಬೌದ್ಧ ಸ್ಮೃತಿಯಲ್ಲವೇ ಎಂದು ಮುಂದಿನ ಅಂಕಣದಲ್ಲಿ ಪ್ರಶ್ನಿಸಿದರು.

ಆ ಮದುವೆಗೆ ಬೆಟ್ಟಮ್ಮ ಬಂದಿದ್ದಳು. ಪ್ರಮೀಳಾ ಅವಳ ಕೈಹಿಡಿದು ಕರೆತಂದು ಊಟದ ಸಾಲಿನಲ್ಲಿ ಕೂರಿಸಿದ್ದಳು. ಎದುರಿನ ಸಾಲಿನಲ್ಲಿದ್ದ ಚಲುವಯ್ಯನವರು ಅವಳನ್ನೇ ಬಹಳ ಹೊತ್ತು ನೋಡಿ, ಪಾಯಸ ಬಡಿಸುವಾಗ ಬಗ್ಗಿ ಕೇಳಿದರು.

“ಅಮ್ಮಾ, ತಮ್ಮ ಹೆಸರು ಬೆಟ್ಟಮ್ಮ. ಹುಟ್ಟಿದ ಮನೆಯ ಹತ್ತಿರ ಯಾವುದಾದರೂ ಬೆಟ್ಟ ಇತ್ತಾ? ಅದರ ಮೇಲೆ ಹಳೇ ಬಸದಿ ಏನಾದರೂ?”

ಬೆಟ್ಟಮ್ಮ ಪಾಯಸದ ಎಲೆ ಸರಿಮಾಡಿಕೊಂಡು, ಕಿವಿ ಸರಿಯಾಗಿ ಕೇಳಿಸದವಳ ಹಾಗೆ ಸೊಸೆಯ ಕಡೆ ತಿರುಗಿದಳು.

“ಏನಂತವ್ವ? ಆವಪ್ಪುಂಗೆ ಇನ್ನೊಂದ್ಸಲ ಪಾಯ್ಸ ಬೇಕಂತಾ?”